ಪಾರ್ಕಿನ್ಸನ್ ಅಂತ ಗೊತ್ತಾದ ಹೊಸದರಲ್ಲೇ ತುಂಬಿಸಬೇಕಾದ ಹಾಳೆ: ಎನ್‌ಎಂಎಸ್‌ಕ್ವೆಸ್ಟ್

ಎನ್‌ಎಂಎಸ್‌ಕ್ವೆಸ್ಟ್ ಅಂದರೆ ಪಾರ್ಕಿನ್ಸನ್ ಕಾಯಿಲೆಯಲ್ಲಿ ನಡುಕದಂಥ ಚಲನೆಯ ತೊಂದರೆ ಬಿಟ್ಟು ಉಳಿದ ಲಕ್ಷಣಗಳನ್ನು ಕೇಳುವ ಹಾಳೆ. 30 ಪ್ರಶ್ನೆಗಳಿವೆ. ಕಳೆದ ಒಂದು ತಿಂಗಳಲ್ಲಿ ಹೀಗಾಗಿದೆಯಾ ಅಂತ ಕೇಳುತ್ತದೆ, ಹೌದು ಅಥವಾ ಇಲ್ಲ ಅಂತ ಟಿಕ್ ಹಾಕಿದರೆ ಆಯಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರೊ. ರೇ ಚೌಧುರಿ ಮತ್ತು ಜೊತೆಯ ತಜ್ಞರು 2006ರಲ್ಲಿ ಹೊರತಂದ ಪ್ರಶ್ನಾವಳಿ ಇದು. ನೆಟ್‌ನಲ್ಲಿ ಪುಕ್ಕಟೆಯಾಗಿ ಸಿಕ್ಕಿತು.

ಒಂದರಲ್ಲೂ ನಡುಕದ ಮಾತಿಲ್ಲ. ಅದೇ ಇದರ ದೊಡ್ಡ ಗುಣ. ಅಪ್ಪನಿಗೆ ಪಾರ್ಕಿನ್ಸನ್ ಅಂತ ಗೊತ್ತಾದಾಗಿನಿಂದ ಮನೆಗೆ ಬಂದವರೆಲ್ಲ ಅವರ ನಡುಗುವ ಬಲಗೈ ನೋಡಿಕೊಂಡೇ ಮಾತಾಡುತ್ತಿದ್ದರು. ಈ ಹಾಳೆ ಕೇಳುವುದು ಮಲಬದ್ಧತೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಎದ್ದು ನಿಂತರೆ ತಲೆ ಸುತ್ತುವುದು, ಬೇಜಾರು, ಮರೆವು, ಹಗಲು ತೂಕಡಿಕೆ, ಇಂಥದ್ದನ್ನು.

ವಾಸನೆಯ ಪ್ರಶ್ನೆ ಓದಿದಾಗ ಅಪ್ಪ, 'ಇಂಗಿನ ಒಗ್ಗರಣೆ ಘಮ ಮೂಗಿಗೆ ಬಿದ್ದು ವರ್ಷಗಳೇ ಆಯ್ತು, ವಯಸ್ಸಾಯ್ತಲ್ಲ ಅಂದ್ಕೊಂಡೆ' ಅಂದರು. ನಿದ್ದೆಯಲ್ಲಿ ಮಾತಾಡುವುದು, ಕೈಕಾಲು ಆಡಿಸುವುದು ಅಂತ ಬಂದಾಗ ಅವರು 'ಇಲ್ಲ' ಅಂದುಬಿಟ್ಟರು. ಅಡುಗೆಮನೆಯಿಂದಲೇ ಅಮ್ಮ, 'ಇಲ್ಲ ಅಂತೆ! ಒದೆ ತಿಂದು ತಿಂದು ನಾನು ಮಂಚ ಬದಲಾಯಿಸಲಿಲ್ವಾ?' ಅಂದರು. ಆದ್ದರಿಂದ ಇದನ್ನು ತುಂಬಿಸುವಾಗ ಪಕ್ಕದಲ್ಲಿ ಮಲಗುವವರು ಜೊತೆಗಿರಲೇಬೇಕು. ಮಲಬದ್ಧತೆ, ವಾಸನೆ ಹೋಗುವುದು, ಕನಸಿನಲ್ಲಿ ಒದೆಯುವುದು, ಇವೆಲ್ಲ ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಶುರುವಾಗಬಹುದು.

ಹೊಸದರಲ್ಲೇ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಪಾರ್ಕಿನ್ಸನ್ ಮಾತ್ರೆಗಳಿಂದಲೂ ತೂಕಡಿಕೆ ಬರಬಹುದು, ನಿಂತಾಗ ಬಿಪಿ ಇಳಿಯಬಹುದು, ಇಲ್ಲದ್ದು ಕಂಡಂತಾಗಬಹುದು. ಆಮೇಲೆ ಯಾವುದು ಕಾಯಿಲೆಯದ್ದು, ಯಾವುದು ಮಾತ್ರೆಯದ್ದು ಅಂತ ಬಿಡಿಸುವುದು ಕಷ್ಟ. ಮೈಕಲ್ ಜೆ. ಫಾಕ್ಸ್ ಫೌಂಡೇಶನ್ 2010ರಲ್ಲಿ ಪಾರ್ಕಿನ್ಸನ್ ಹೇಗೆ ಬೆಳೆಯುತ್ತಾ ಹೋಗುತ್ತದೆ ಅಂತ ನೋಡುವ ಪಿಪಿಎಂಐ ಅಧ್ಯಯನ ಶುರು ಮಾಡಿದಾಗ, ಕಾಯಿಲೆ ಗೊತ್ತಾಗಿ ಎರಡು ವರ್ಷದೊಳಗಿನ, ಇನ್ನೂ ಮಾತ್ರೆ ಶುರುವಾಗದ ರೋಗಿಗಳನ್ನೇ ಸೇರಿಸಿಕೊಂಡಿದ್ದರು. ಅವರ ವಾಸನೆ, ನಿದ್ದೆ, ಮನಸ್ಸು, ನೆನಪು ಎಲ್ಲವನ್ನೂ ಮೊದಲೇ ಪರೀಕ್ಷಿಸಿ, ವರ್ಷ ವರ್ಷ ಹೋಲಿಸಿ ನೋಡುತ್ತಾ ಬಂದರು. ಮನೆಮಟ್ಟಿಗೆ ಅದನ್ನೇ ಮಾಡಲು ಈ ಹಾಳೆ ಸಾಕು. ಹಾಗಂತ ಇದನ್ನು ತುಂಬಿಸಬೇಕು ಅಂತ ಮಾತ್ರೆ ಮುಂದೂಡಬೇಡಿ, ಶುರುವಾಗಿದ್ದರೂ ತುಂಬಿಸಿ.

ಕೊರತೆಗಳೂ ಇವೆ. ಬರೀ ಹೌದು, ಇಲ್ಲ ಅಂದರೆ ತೊಂದರೆ ಎಷ್ಟು ಜಾಸ್ತಿ ಅಂತ ತಿಳಿಯುವುದಿಲ್ಲ. ಅದಕ್ಕೆ ಡಾಕ್ಟರೇ ಕೇಳಿ ಅಂಕ ಹಾಕುವ ಬೇರೆ ಪಟ್ಟಿ ಇದೆ. ರುಚಿ, ವಾಸನೆ ಎರಡನ್ನೂ ಒಂದೇ ಪ್ರಶ್ನೆಗೆ ಸೇರಿಸಿದ್ದಾರೆ. ಅಪ್ಪನಿಗೆ ರುಚಿ ಸರಿಯಾಗಿಯೇ ಗೊತ್ತಾಗುತ್ತದೆ, ಹಾಗಾಗಿ ಪಕ್ಕದಲ್ಲಿ 'ವಾಸನೆ ಮಾತ್ರ' ಅಂತ ಬರೆಯಬೇಕಾಯಿತು. ಲೈಂಗಿಕ ಜೀವನದ ಬಗ್ಗೆಯೂ ಎರಡು ಪ್ರಶ್ನೆಗಳಿವೆ. ಮಗಳಾಗಿ ನಾನು ಅವನ್ನು ಅಪ್ಪನಿಗೆ ಓದಿ ಹೇಳಲಿಲ್ಲ, ಪೆನ್ನು ಅವರ ಕೈಗೇ ಕೊಟ್ಟು ಹೊರಗೆ ಬಂದೆ. ನನಗೆ ಸಿಕ್ಕಿದ್ದು ಇಂಗ್ಲಿಷ್ ಹಾಳೆ. ಕನ್ನಡದ್ದನ್ನು ಒಪಿಡಿಯ ಬೆಂಚಿನ ಹತ್ತಿರ ಇಟ್ಟರೆ ಕಾಯುವ ಹೊತ್ತಿನಲ್ಲೇ ಮನೆಯವರು ತುಂಬಿಸಬಹುದು ಅಲ್ವಾ?

ಹಾಳೆ ನೋಡಿದ ಡಾಕ್ಟರ್ ಅಪ್ಪನ ಬಿಪಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿದರು. ಮಂಚದ ಅಂಚಿನಲ್ಲಿ ಚೂಪಾದ್ದೇನಾದರೂ ಇದ್ದರೆ ತೆಗೆಯಿರಿ ಅಂತ ಅಮ್ಮನಿಗೆ ಹೇಳಿದರು. ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಮುಂದಿನ ಸಲ ಹೊಸದು ತುಂಬಿಸಿ ಎರಡನ್ನೂ ಒಟ್ಟಿಗೆ ತೋರಿಸಿ.