ಕರ್ಣನನ್ನು ಅರಿಯಲು ಗಮಕವೋ, ತಾಳಮದ್ದಳೆಯೋ?

ಕರ್ಣನನ್ನು ಹತ್ತಿರದಿಂದ ಅರಿಯಬಯಸುವವರಿಗೆ ಶಿವಮೊಗ್ಗ ಜಿಲ್ಲೆಯಲ್ಲಿ ಎರಡು ದಾರಿಗಳಿವೆ. ತುಂಗಾತೀರದ ಹೊಸಹಳ್ಳಿಯಲ್ಲಿ ಉಳಿದುಬಂದಿರುವ ಗಮಕದಲ್ಲಿ ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಗಮಕಿಗಳು ರಾಗವಾಗಿ ವಾಚಿಸಿದರೆ, ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಾರೆ. ಕವಿಯ ಮಾತು ಕೆಡದೆ ಕಿವಿಗೆ ಬೀಳುತ್ತದೆ, ಆದರೆ ಕರ್ಣ ನಮಗೆ ‘ಅವನು’ ಆಗಿಯೇ ಉಳಿಯುತ್ತಾನೆ. ಕಥೆಯ ಪರಿಚಯವಿಲ್ಲದವರು ಇಲ್ಲಿಂದಲೇ ತೊಡಗುವುದು ಒಳ್ಳೆಯದು.

ಕಥೆ ಬಲ್ಲವರಿಗೆ ನಾನು ಸೂಚಿಸುವುದು ಯಕ್ಷಗಾನದ ಮಾತುಗಾರಿಕೆಯ ರೂಪವಾದ ತಾಳಮದ್ದಳೆಯನ್ನೇ. ಸಾಗರ, ಹೊಸನಗರದ ಕಡೆ ನಡೆಯುವ ಈ ಕೂಟಗಳಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರು ಪದ ಮುಗಿಸಿದೊಡನೆ, ಕರ್ಣನ ಪಾತ್ರವಾಗಿ ಮಾತಾಡಲು ಶಾಲು ಹೊದ್ದು ಕುಳಿತ ಅರ್ಥಧಾರಿ ‘ನಾನು’ ಎಂದೇ ಮಾತು ತೆಗೆಯುತ್ತಾರೆ. ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿದ ಮೇಲೂ ಪಾಂಡವರ ಅಣ್ಣನಾಗಲು ಏಕೆ ಒಲ್ಲೆನೆಂಬುದಕ್ಕೆ, ಎದುರು ಕುಳಿತ ಕೃಷ್ಣನ ಅರ್ಥಧಾರಿಗೆ ಆ ಕ್ಷಣದಲ್ಲೇ ಹೊಳೆದ ಮಾತಿನಲ್ಲಿ ಉತ್ತರ ಕೊಡಬೇಕು. ಸಾಕುತಾಯಿ ರಾಧೆಯ ಮಡಿಲಿನ ಋಣ, ಕೌರವನ ಅನ್ನದ ಋಣ ಎಂದು ಆ ದನಿ ತಗ್ಗುವಾಗ, ಕರ್ಣನ ಸರಿತಪ್ಪುಗಳನ್ನು ತೂಗುತ್ತಿದ್ದ ನಾವು ಅವನ ಇಕ್ಕಟ್ಟಿನೊಳಗೇ ಕುಳಿತಿರುತ್ತೇವೆ.