ಬ್ರಿಟನ್ನಿನ ಕಾಲುವೆ ಬಸ್ ಪ್ರವಾಸ: ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಹಳೆಯ ಕಾಲುವೆ, ಲಾಕ್ (ಎರಡೂ ಕಡೆ ಗೇಟಿರುವ, ನೀರು ತುಂಬಿಸಿ ಇಲ್ಲವೇ ಖಾಲಿ ಮಾಡಿ ದೋಣಿಯನ್ನು ಹತ್ತಿಸಿ ಇಳಿಸುವ ಕಟ್ಟೆ), ದೋಣಿ ಎತ್ತುವ ಲಿಫ್ಟ್ ಎಲ್ಲವನ್ನೂ ಒಂದೇ ವಾರಾಂತ್ಯದಲ್ಲಿ ಪರಿಣತ ಮಾರ್ಗದರ್ಶಕರೊಂದಿಗೆ ತೋರಿಸುತ್ತೇವೆ ಎಂದು ಲಂಡನ್ನಿನಿಂದ ಬಸ್ ಹೊರಡಿಸುವ ಒಂದು ಕಂಪನಿಯ ಬಗ್ಗೆ ಬರೆಯುತ್ತಿದ್ದೇನೆ. ವ್ಯಾಜ್ಯ ಇನ್ನೂ ಮುಗಿದಿಲ್ಲ, ಹಾಗಾಗಿ ಹೆಸರು ಹಾಕುವುದಿಲ್ಲ. ಆದರೆ ಇಂಥದೇ ಕರಪತ್ರ ನಿಮಗೂ ಬಂದಿದ್ದರೆ ದಯವಿಟ್ಟು ಒಂದು ದಿನ ತಡೆಯಿರಿ.

2023ರ ಮೇ ತಿಂಗಳು. ತಲೆಗೆ 289 ಪೌಂಡ್, ಒಂದು ರಾತ್ರಿಯ ಹೋಟೆಲ್ ಸೇರಿ. ಕರಪತ್ರದಲ್ಲಿ ಮೂರು ಆಕರ್ಷಣೆಗಳು: ಲೆಸ್ಟರ್‌ಶೈರಿನ ಫಾಕ್ಸ್‌ಟನ್ ಲಾಕ್‌ಗಳು, ಚೆಷೈರಿನ ಆಂಡರ್ಟನ್ ದೋಣಿ ಲಿಫ್ಟ್‌ನಲ್ಲಿ ಸವಾರಿ, ವೇಲ್ಸ್‌ನ ಪಾಂಟ್‌ಕಸಲ್ತೆ ಮೇಲ್ಗಾಲುವೆಯ ಮೇಲೆ ದೋಣಿ ವಿಹಾರ. ಊರಿನಿಂದ ಅತ್ತೆ, ಮಾವ ಬಂದಿದ್ದರು. ಮಾವ ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು, ಬದುಕಿಡೀ ತೂಬು, ಗೇಟು, ಕಾಲುವೆಗಳ ನಡುವೆ ಓಡಾಡಿದವರು. ಅವರ ಜೊತೆಗೆ ಪರಿಚಯದ ಇನ್ನೆರಡು ಕುಟುಂಬಗಳನ್ನೂ ನಾನೇ ಹುರಿದುಂಬಿಸಿ ಹೊರಡಿಸಿದ್ದೆ. ಅದಕ್ಕೇ ಇಷ್ಟು ಉರಿ.

ಮೊದಲು ಫಾಕ್ಸ್‌ಟನ್. ಐದೈದರ ಎರಡು ಸಾಲು, ಒಟ್ಟು ಹತ್ತು ಲಾಕ್. 1814ರಿಂದ ದೋಣಿಗಳನ್ನು 75 ಅಡಿ ಗುಡ್ಡ ಹತ್ತಿಸುತ್ತಿವೆ. ಪ್ರತಿ ಸಾಲಿನಲ್ಲೂ ಒಂದು ಲಾಕ್‌ನ ಮೇಲಿನ ಗೇಟೇ ಅದರಾಚೆಯದರ ಕೆಳಗಿನ ಗೇಟು. ನೀರು ಬಿಡುವ ಪ್ಯಾಡಲ್‌ಗಳಿಗೆ ಕೆಂಪು, ಬಿಳಿ ಬಣ್ಣ ಬಳಿದಿದ್ದಾರೆ. ಮೊದಲು ಕೆಂಪು, ಆಮೇಲೆ ಬಿಳಿ, ಈ ಕ್ರಮ ತಪ್ಪುವಂತಿಲ್ಲ. ಇದನ್ನೆಲ್ಲ ಹೇಳಿದ್ದು ಲಾಕ್ ನೋಡಿಕೊಳ್ಳುತ್ತಿದ್ದ ಒಬ್ಬ ವಯಸ್ಸಾದ ಮಹಿಳೆ, ನಮ್ಮ ಮಾರ್ಗದರ್ಶಕನಲ್ಲ. ಆತ ಕೈಯಲ್ಲಿದ್ದ ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದ, ಅಷ್ಟೆ. ಲಾಕ್‌ಗೆ ನೀರು ತುಂಬುವುದು ಹೇಗೆ ಎಂದು ಮಾವ ಕೇಳಿದರು. ಒಳಗೆ ಪಂಪ್ ಇದೆ, ಅದೇ ತುಂಬಿಸುತ್ತದೆ ಎಂದುಬಿಟ್ಟ! ಲಾಕ್‌ನ ಸೊಗಸೇ ಪಂಪಿಲ್ಲದೆ ಕೆಲಸ ಮಾಡುವುದರಲ್ಲಿದೆ. ಮೇಲಿನ ನೀರು ತನ್ನ ಭಾರಕ್ಕೆ ತಾನೇ ಇಳಿದು ದೋಣಿಯನ್ನು ಎತ್ತುತ್ತದೆ. ಮಾವ ನನ್ನ ಮುಖವನ್ನೊಮ್ಮೆ ನೋಡಿ, "ಹೌದೇ?" ಎಂದು ಸುಮ್ಮನಾದರು.

ನಾವು ತಲುಪಿದಾಗ ಒಂದು ದೋಣಿ ಆಗಷ್ಟೇ ಕೆಳಗಿನ ಲಾಕ್ ಹೊಕ್ಕಿತ್ತು. ಹತ್ತನ್ನೂ ದಾಟಲು ಅದಕ್ಕೆ ಕಡಿಮೆಯೆಂದರೂ ಮುಕ್ಕಾಲು ಗಂಟೆ ಬೇಕು. ನಮಗೆ ಕೊಟ್ಟದ್ದು ಮೂವತ್ತೈದು ನಿಮಿಷ, ಶೌಚಾಲಯದ ಸಾಲೂ ಸೇರಿ. ದೋಣಿ ಇನ್ನೂ ಅರ್ಧಕ್ಕೇ ಬಂದಿರಲಿಲ್ಲ, ಹತ್ತಿ ಹತ್ತಿ ಎಂದು ಕೂಗತೊಡಗಿದರು. ಕಾರಣ ಕೇಳಿದರೆ ಚಾಲಕರ ಕೆಲಸದ ಅವಧಿಯ ಕಾನೂನಂತೆ. ಆ ಕಾನೂನು ನನಗೂ ಗೊತ್ತು: ನಾಲ್ಕೂವರೆ ಗಂಟೆ ಬಸ್ ಓಡಿಸಿದವರು ನಲವತ್ತೈದು ನಿಮಿಷ ವಿರಾಮ ತೆಗೆದುಕೊಳ್ಳಬೇಕು. ಆ ವಿರಾಮವನ್ನು ಫಾಕ್ಸ್‌ಟನ್‌ನಲ್ಲೇ ಕೊಟ್ಟಿದ್ದರೆ ಚಾಲಕರಿಗೂ ಆಗುತ್ತಿತ್ತು, ನಮಗೂ ಆಗುತ್ತಿತ್ತು. ಕೊಟ್ಟದ್ದೆಲ್ಲಿ? ಹೆದ್ದಾರಿ ಬದಿಯ ಕಾಫಿ ಅಂಗಡಿಗಳ ಮುಂದೆ, ಸುಮಾರು ಒಂದು ಗಂಟೆ! ಇಡೀ ಪ್ರವಾಸದಲ್ಲಿ ನಾವು ಅತಿ ಹೆಚ್ಚು ಹೊತ್ತು ನಿಂತು ನೋಡಿದ ಸ್ಥಳ ಅದೇ.

ಹೋಟೆಲಿನ ವಿಷಯ ಬಿಡಿ, ಸಾಧಾರಣ.

ಮರುದಿನ ಆಂಡರ್ಟನ್. 1875ರ ಲಿಫ್ಟ್. ವೀವರ್ ನದಿಯಿಂದ ಟ್ರೆಂಟ್ ಅಂಡ್ ಮರ್ಸಿ ಕಾಲುವೆಗೆ ದೋಣಿಯನ್ನು ನೀರಿನ ತೊಟ್ಟಿಯ ಸಮೇತ 50 ಅಡಿ ಎತ್ತುವ ಕಬ್ಬಿಣದ ದೈತ್ಯ. 1983ರಲ್ಲಿ ನಿಂತುಹೋಗಿ, ದುರಸ್ತಿಯಾಗಿ 2002ರಲ್ಲಿ ಮತ್ತೆ ತೆರೆದಿತ್ತು. ಮಾವ ಹಿಂದಿನ ರಾತ್ರಿಯೇ ಅದರ ಹೈಡ್ರಾಲಿಕ್ ವ್ಯವಸ್ಥೆಯ ಬಗ್ಗೆ ಓದಿಕೊಂಡು ತಯಾರಾಗಿದ್ದರು. ಬಸ್ಸಿನಿಂದ ಮೊದಲು ಇಳಿದವರೂ ಅವರೇ. ನಾನು ಹಿಂದೆ ಹೋಗುವಷ್ಟರಲ್ಲಿ ಒಂದು ಫಲಕದ ಮುಂದೆ ನಿಂತಿದ್ದರು. ಲಿಫ್ಟ್ ದೋಣಿಗಳಿಗೆ ಮುಚ್ಚಿದೆ. ಇಂದು ಬೆಳಿಗ್ಗೆ ಕೆಟ್ಟದ್ದಲ್ಲ, ಕಳೆದ ವಾರ ಕೆಟ್ಟದ್ದೂ ಅಲ್ಲ. 2022ರ ಆರಂಭದಿಂದ! ನಾವು ದುಡ್ಡು ಕಟ್ಟಿದ್ದು 2023ರಲ್ಲಿ. ಕರಪತ್ರ ಅಚ್ಚಾದದ್ದೂ 2023ರಲ್ಲಿ. ವರ್ಷಕ್ಕೂ ಮೇಲಾಗಿ ಮುಚ್ಚಿದ್ದ ಲಿಫ್ಟ್‌ನ ಸವಾರಿಯನ್ನು ನಮಗೆ ಮಾರಿದ್ದರು.

ಮಾರ್ಗದರ್ಶಕನನ್ನು ಕೇಳಿದೆ. "ಹೊರಗಿನಿಂದ ಚೆನ್ನಾಗಿ ಕಾಣುತ್ತದಲ್ಲ, ಫೋಟೋ ತೆಗೆದುಕೊಳ್ಳಿ" ಎಂದ. ನಿಮಗೆ ಮೊದಲೇ ಗೊತ್ತಿತ್ತೇ ಎಂದೆ. "ನಾನು ಕಚೇರಿ ಹೇಳಿದ್ದನ್ನು ಮಾಡುತ್ತೇನೆ" ಎಂದ. ಕಚೇರಿಗೆ ಫೋನ್ ಮಾಡಿದರೆ ವಾರಾಂತ್ಯದಲ್ಲಿ ರಜೆ ಎಂಬ ಧ್ವನಿಮುದ್ರಣ. ವಾರಾಂತ್ಯದ ಪ್ರವಾಸವನ್ನೇ ಮಾರುವ ಕಂಪನಿಗೆ ವಾರಾಂತ್ಯದಲ್ಲಿ ರಜೆ! ನನ್ನ ಮಾತು ನಂಬಿ ಬಂದ ಎರಡೂ ಕುಟುಂಬಗಳು ಸುತ್ತ ನಿಂತಿದ್ದವು. ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಪಾಂಟ್‌ಕಸಲ್ತೆಯಲ್ಲಾದರೂ ಮಾನ ಉಳಿಯುತ್ತದೆ ಎಂದುಕೊಂಡೆ. 1805ರ ಮೇಲ್ಗಾಲುವೆ, ಡೀ ನದಿಯಿಂದ 38 ಮೀಟರ್ ಎತ್ತರದಲ್ಲಿ ಎರಕದ ಕಬ್ಬಿಣದ ತೊಟ್ಟಿಯಲ್ಲಿ ನೀರು ಹರಿಯುತ್ತದೆ. 2009ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ದೋಣಿಯ ಕೌಂಟರಿನಲ್ಲಿ ನಮ್ಮ ಗುಂಪಿನ ಹೆಸರು ಹೇಳಿದರೆ ಬುಕಿಂಗೇ ಇಲ್ಲ! ದಿನದ ದೋಣಿಗಳೂ ಭರ್ತಿಯಾಗಿದ್ದವು. "ನಡೆದು ದಾಟಿ, ಇನ್ನೂ ಚೆನ್ನಾಗಿರುತ್ತದೆ" ಎಂದ ನಮ್ಮ ಮಾರ್ಗದರ್ಶಕ ಮಹಾನುಭಾವ. ಎತ್ತರ ಕಂಡರೆ ಕೈಕಾಲು ನಡುಗುವ ಅತ್ತೆ ಆ ಕಿರಿದಾದ ಕಾಲುದಾರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟು ಹಿಂದಿರುಗಿದರು. (ದೋಣಿ ಸಾಗುವ ಬದಿಗೆ ಕಂಬಿಯೇ ಇಲ್ಲ, ಅದರಲ್ಲಿ ಕೂತಿದ್ದರೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರೇನೋ. ಅದು ಬೇರೆ ಮಾತು. ಬುಕಿಂಗ್ ಮಾಡಬೇಕಾಗಿತ್ತು.)

ಈಗ ನನ್ನ ದೂರಿಗೆ ಕಂಪನಿ ಕೊಟ್ಟ ಉತ್ತರಗಳನ್ನು ನೋಡಿ. ಮೊದಲ ಇಮೇಲ್: ನಿಮ್ಮ ಅನಿಸಿಕೆ ನಮಗೆ ಅಮೂಲ್ಯ. ಎರಡನೆಯದು: ಕಾರ್ಯಾಚರಣೆಯ ಕಾರಣಗಳಿಂದ ಕಾರ್ಯಕ್ರಮ ಬದಲಾಗಬಹುದೆಂದು ಷರತ್ತುಗಳಲ್ಲಿ ಹೇಳಿದ್ದೇವೆ. ವರ್ಷದ ಹಿಂದೆ ಮುಚ್ಚಿದ್ದು ಯಾವ ಕಾರ್ಯಾಚರಣೆಯ ಕಾರಣ ಎಂದು ಕೇಳಿದೆ. ಅದಕ್ಕೆ ಬಂದದ್ದು: ಕರಪತ್ರದ ಚಿತ್ರಗಳು ಕೇವಲ ಸಾಂಕೇತಿಕ. ಚಿತ್ರದ ಮಾತು ಯಾರು ಆಡಿದರು ಸ್ವಾಮಿ, ಚಿತ್ರದ ಕೆಳಗೇ ಸವಾರಿ ಎಂದು ಅಕ್ಷರದಲ್ಲಿ ಬರೆದಿದ್ದೀರಿ ಎಂದೆ. ಆಮೇಲೆ ಬಂದದ್ದು ಎಲ್ಲಕ್ಕಿಂತ ಸೊಗಸು: ಪ್ರವಾಸದ ಉಳಿದವರು ಯಾರೂ ದೂರು ಕೊಟ್ಟಿಲ್ಲ. ನಮ್ಮ ಜೊತೆ ಬಂದ ಎರಡೂ ಕುಟುಂಬಗಳು ಬರೆದ ದೂರಿನ ಪ್ರತಿ ನನ್ನ ಬಳಿಯೇ ಇದೆ!

ಇಲ್ಲಿನ 2018ರ ಪ್ಯಾಕೇಜ್ ಪ್ರವಾಸ ನಿಯಮಗಳ ಪ್ರಕಾರ, ಹೊರಡುವ ಮೊದಲೇ ಮುಖ್ಯ ಅಂಶ ಬದಲಾದರೆ ಕಂಪನಿ ತಿಳಿಸಬೇಕು, ದಂಡವಿಲ್ಲದೆ ರದ್ದು ಮಾಡುವ ಅವಕಾಶ ಕೊಡಬೇಕು. ನಿಯಮದ ಹೆಸರೆತ್ತಿದ ಮೇಲೆಯೇ ಅವರ ದನಿ ಇಳಿದದ್ದು. ಕೊಡುಗೆ ಬಂತು: ಮುಂದಿನ ಪ್ರವಾಸಕ್ಕೆ ತಲೆಗೆ 20 ಪೌಂಡಿನ ವೋಚರ್. ಮುಂದಿನ ಪ್ರವಾಸ! ಬೇಡವೆಂದು ಬರೆದು ಕ್ರೆಡಿಟ್ ಕಾರ್ಡಿನ ಬ್ಯಾಂಕಿಗೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಅಡಿ ಅರ್ಜಿ ಹಾಕಿದ್ದೇನೆ. 100 ಪೌಂಡ್ ಮೀರಿದ ಖರೀದಿಗೆ ಬ್ಯಾಂಕೂ ಹೊಣೆ. ಅದು ಇನ್ನೂ ಪರಿಶೀಲನೆಯಲ್ಲಿದೆ.

ನೀವು ಹೋಗುವುದಾದರೆ ಕ್ರೆಡಿಟ್ ಕಾರ್ಡಿನಲ್ಲೇ ದುಡ್ಡು ಕಟ್ಟಿ. ಲಾಕ್, ಲಿಫ್ಟ್ ಮುಚ್ಚಿದೆಯೇ ಎಂಬುದನ್ನು ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಪ್ರಕಟಿಸುತ್ತದೆ, ಬಸ್ಸಿನವರ ಬಾಯಿಮಾತು ಕೇಳಬೇಡಿ. ಪ್ರತಿ ಸ್ಥಳದಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆಂದು ಬರಹದಲ್ಲಿ ಪಡೆಯಿರಿ. ಬರೆದು ಕೊಡಲು ತಡವರಿಸಿದರೆ ಅಲ್ಲೇ ಬಿಟ್ಟುಬಿಡಿ. ಮೋಸ ಕಂಡ ಜಾಗದಲ್ಲೇ ಫಲಕದ ಫೋಟೋ ತೆಗೆದು ಅಂದೇ ದೂರು ಬರೆಯಿರಿ. ವೋಚರ್ ಮಾತ್ರ ಮುಟ್ಟಬೇಡಿ. ಅದನ್ನು ಒಪ್ಪಿದ ನಮ್ಮ ಬಸ್ಸಿನ ಒಬ್ಬರಿಗೆ, ನಿಮ್ಮ ದೂರು ಇತ್ಯರ್ಥವಾಗಿದೆ ಎಂದು ಮರುದಿನವೇ ಪತ್ರ ಬಂದಿದೆ.