ಸ್ನಾನದ ನೀರು ಕಾಯಿಸಲು ಯಾವ ಗೀಸರ್? ನಾಲ್ಕು ಬಗೆಗಳ ಹೋಲಿಕೆ

ವಿದ್ಯುತ್ ಬಿಲ್ಲನ್ನು ಇಳಿಸಲು ಹೊರಟವರು ಸಾಮಾನ್ಯವಾಗಿ ಮೊದಲು ದೀಪಗಳ ಕಡೆ ನೋಡುತ್ತಾರೆ. ಆದರೆ 9 ವ್ಯಾಟ್‌ನ ಎಲ್‌ಇಡಿ ಬಲ್ಬು 200 ಗಂಟೆಗೂ ಹೆಚ್ಚು ಕಾಲ ಉರಿದು ಬಳಸುವಷ್ಟು ವಿದ್ಯುತ್ತನ್ನು 2 ಕಿಲೋವ್ಯಾಟ್‌ನ ಗೀಸರ್ ಒಂದೇ ಗಂಟೆಯಲ್ಲಿ ಬಳಸುತ್ತದೆ. ಆದ್ದರಿಂದ ಉಳಿತಾಯದ ಲೆಕ್ಕ ಬಚ್ಚಲುಮನೆಯಿಂದ ಶುರುವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವಾಸಿಸಿದ ಮನೆಗಳು ಬದಲಾದಂತೆ ನೀರನ್ನು ಟ್ಯಾಂಕಿನಲ್ಲಿ ಕಾಯಿಸಿಡುವ ಸ್ಟೋರೇಜ್ ಗೀಸರ್, ನೀರು ಹರಿಯುವಾಗಲೇ ಕಾಯಿಸುವ ಇನ್‌ಸ್ಟಂಟ್ ಗೀಸರ್, ಸೋಲಾರ್ ಮತ್ತು ಹೀಟ್ ಪಂಪ್ ಎಂಬ ನಾಲ್ಕೂ ಬಗೆಗಳನ್ನು ನಾನು ಬಳಸಿದ್ದೇನೆ. ಸಾಧ್ಯವಿದ್ದ ಕಡೆಗಳಲ್ಲಿ ಗೀಸರಿಗೆಂದೇ ಪ್ರತ್ಯೇಕ ಉಪಮೀಟರ್ ಹಾಕಿಸಿ ಅವುಗಳ ಬಳಕೆಯನ್ನು ಗಮನಿಸಿದ್ದೇನೆ.

ಹೋಲಿಕೆಗೆ ಮುನ್ನ ಒಂದು ಲೆಕ್ಕ ಗೊತ್ತಿರಬೇಕು. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 1.16 ವ್ಯಾಟ್-ಗಂಟೆ ಶಕ್ತಿ ಬೇಕು. 20 ಡಿಗ್ರಿಯಲ್ಲಿರುವ 40 ಲೀಟರ್ ನೀರನ್ನು 40 ಡಿಗ್ರಿಗೆ ತರಲು 0.93 ಯೂನಿಟ್ (ಒಂದು ಯೂನಿಟ್ ಎಂದರೆ 1000 ವ್ಯಾಟ್-ಗಂಟೆ) ಖರ್ಚಾಗುತ್ತದೆ. ವಿದ್ಯುತ್ ಕಾಯಿಲ್‌ನಿಂದ ನೀರು ಕಾಯಿಸುವ ಯಾವ ಸಾಧನವೂ, ಅದರ ಬೆಲೆ ಎಷ್ಟೇ ಇರಲಿ, ಈ ಅಂಕಿಗಿಂತ ಕೆಳಗೆ ಇಳಿಯಲಾರದು. ಕಾಯಿಲ್ ತಾನು ಎಳೆದ ವಿದ್ಯುತ್ತನ್ನೆಲ್ಲ ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿ ಬದಲಿಸುವುದರಿಂದ ಅಲ್ಲಿ ಸುಧಾರಣೆಗೆ ಜಾಗವೇ ಇಲ್ಲ.

ಹೀಗಾಗಿ ಸ್ಟೋರೇಜ್ ಮತ್ತು ಇನ್‌ಸ್ಟಂಟ್ ಗೀಸರ್‌ಗಳ ನಡುವಿನ ಅಂತರವೆಲ್ಲ ಕಾದ ನೀರು ಬಳಕೆಯಾಗದೆ ನಿಂತಿರುವಾಗ ಸೋರಿಹೋಗುವ ಶಾಖದ್ದು. ಬೆಳಿಗ್ಗೆ ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ ಸ್ವಿಚ್ ಆರಿಸುತ್ತಿದ್ದಾಗ ಇವೆರಡರ ನಡುವೆ ಉಪಮೀಟರಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕಾಣಲಿಲ್ಲ. ಒಬ್ಬರು ನಸುಕಿನಲ್ಲಿ, ಇನ್ನೊಬ್ಬರು ಮಧ್ಯಾಹ್ನ, ಮತ್ತೊಬ್ಬರು ರಾತ್ರಿ ಸ್ನಾನ ಮಾಡುವ ಮನೆಯಲ್ಲಿ ಸ್ಟೋರೇಜ್ ಗೀಸರ್ ದಿನವಿಡೀ ಉರಿಯುತ್ತಿದ್ದಾಗ ಮಾತ್ರ ವ್ಯತ್ಯಾಸ ಎದ್ದು ಕಂಡಿತು. ಗೀಸರನ್ನು ಸದಾ ಚಾಲೂ ಇಟ್ಟರೆ ಮತ್ತೆ ಮತ್ತೆ ಕಾಯಿಸುವ ಖರ್ಚು ಉಳಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ಟ್ಯಾಂಕ್ ಬಿಸಿಯಾಗಿದ್ದಷ್ಟೂ ಶಾಖ ವೇಗವಾಗಿ ಸೋರುತ್ತದೆ, ತಣ್ಣಗಾದಂತೆ ಸೋರಿಕೆ ತಗ್ಗುತ್ತದೆ. ಕೋಣೆಯ ಉಷ್ಣತೆ 25 ಡಿಗ್ರಿ ಇರುವಾಗ, ನೀರು ಎಷ್ಟು ಕಾಯಬೇಕೆಂದು ನಿಗದಿಪಡಿಸುವ ಥರ್ಮೋಸ್ಟಾಟನ್ನು 60ರಿಂದ 50 ಡಿಗ್ರಿಗೆ ಇಳಿಸಿದರೆ ಸೋರಿಕೆ ಕಾಲು ಭಾಗಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಆದರೆ ಇನ್ನೂ ಕೆಳಗೆ ಇಳಿಸಿ ನೀರನ್ನು ದಿನಗಟ್ಟಲೆ ನಿಲ್ಲಿಸುವುದು ಸಲ್ಲದು. ಲೀಜನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಡುವಿನ ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುವುದರಿಂದ ಟ್ಯಾಂಕನ್ನು ಆಗಾಗ 60 ಡಿಗ್ರಿಗೆ ಏರಿಸಲೇಬೇಕು. ನಾಲ್ಕು ಕಾಸಿನ ಉಳಿತಾಯಕ್ಕಾಗಿ ಆರೋಗ್ಯವನ್ನು ಪಣಕ್ಕಿಡಬಾರದು.

ಇನ್‌ಸ್ಟಂಟ್ ಗೀಸರಿನಲ್ಲಿ ನೀರು ನಿಲ್ಲುವುದೇ ಕಡಿಮೆ ಎಂಬುದು ಅದರ ದೊಡ್ಡ ಗುಣ. ಅದರ ಮಿತಿ ನೀರಿನ ಹರಿವಿನಲ್ಲಿದೆ. 3 ಕಿಲೋವ್ಯಾಟ್‌ನ ಗೀಸರ್ ನಿಮಿಷಕ್ಕೆ 2 ಲೀಟರ್ ಹರಿಯುವಾಗ ಉಷ್ಣತೆಯನ್ನು ಸುಮಾರು 21 ಡಿಗ್ರಿಯಷ್ಟೇ ಏರಿಸಬಲ್ಲದು. ಚಳಿಗಾಲದಲ್ಲಿ ನೀರು ತಣ್ಣಗೆ ಬರುವಾಗ ನಲ್ಲಿಯನ್ನು ಸಣ್ಣಗೆ ಬಿಟ್ಟು ಕಾಯುವ ತಾಳ್ಮೆ ಬೇಕಾಗುತ್ತದೆ. ಕೈ ತೊಳೆಯಲು, ಪಾತ್ರೆ ತೊಳೆಯಲು, ಒಬ್ಬಿಬ್ಬರ ಸ್ನಾನಕ್ಕೆ ಇದಕ್ಕಿಂತ ಒಳ್ಳೆಯದು ಬೇಡ. ಧಾರಾಳವಾಗಿ ಸುರಿಯುವ ಶವರ್ ಬಯಸುವವರಿಗೆ ಇದು ಹೊಂದುವುದಿಲ್ಲ.

ಸೋಲಾರ್ ಬಳಸಿದ ಕಾಲದಲ್ಲಿ ಬಿಸಿಲಿನ ದಿನಗಳಲ್ಲಿ ನೀರು ಕಾಯಿಸುವ ಖರ್ಚು ಸೊನ್ನೆಯಾಗಿತ್ತು. ಇಷ್ಟು ಉಳಿತಾಯವನ್ನು ಬೇರೆ ಯಾವುದೂ ಕೊಡಲಾರದು. ಆದರೆ ಅದರ ಯಶಸ್ಸು ಮಾಳಿಗೆಯಿಂದ ಬಚ್ಚಲಿಗೆ ಬರುವ ಕೊಳವೆಯ ಉದ್ದವನ್ನು ಬಹಳವಾಗಿ ಅವಲಂಬಿಸಿದೆ. ಒಳವ್ಯಾಸ 15 ಮಿಲಿಮೀಟರ್ ಇರುವ 15 ಮೀಟರ್ ಉದ್ದದ ಕೊಳವೆಯಲ್ಲಿ ಎರಡೂವರೆ ಲೀಟರಿಗೂ ಹೆಚ್ಚು ನೀರು ನಿಂತಿರುತ್ತದೆ, ಬಿಸಿನೀರು ತಲುಪುವ ಮೊದಲು ಅಷ್ಟೂ ತಣ್ಣೀರು ಹೊರಬರಬೇಕು. ಕೊಳವೆಗೆ ಉಷ್ಣ ನಿರೋಧಕ ಹೊದಿಕೆ ಸುತ್ತಿಸಿದ ಮೇಲೆ ಬೆನ್ನುಬೆನ್ನಿಗೆ ನಡೆಯುವ ಸ್ನಾನಗಳ ನಡುವೆ ನೀರು ತಣ್ಣಗಾಗುವುದು ತಪ್ಪಿತು, ಆದರೆ ಮೊದಲ ಸ್ನಾನಕ್ಕೆ ಮುಂಚಿನ ಪೋಲು ತಪ್ಪಲಿಲ್ಲ. ಮೋಡದ ದಿನಗಳಿಗೆಂದು ಟ್ಯಾಂಕಿನಲ್ಲಿ ಅಳವಡಿಸುವ ವಿದ್ಯುತ್ ಕಾಯಿಲ್‌ನ ಸ್ವಿಚ್ ಕೈಗೆಟುಕುವಲ್ಲಿ ಇರಬೇಕು. ಅದು ತಾನಾಗಿಯೇ ಉರಿಯುವಂತಿದ್ದರೆ ರಾತ್ರಿಯೇ ನೀರನ್ನು ಕಾಯಿಸಿಟ್ಟು ಮರುದಿನದ ಬಿಸಿಲಿಗೆ ಕೆಲಸವಿಲ್ಲದಂತೆ ಮಾಡುತ್ತದೆ. ಗಡಸು ನೀರಿನ ಪ್ರದೇಶದಲ್ಲಿ ಫಲಕದ ತಾಮ್ರದ ಕೊಳವೆಗಳೊಳಗೆ ಸುಣ್ಣ ಕಟ್ಟಿಕೊಳ್ಳುವುದೂ ಒಂದು ಚಿಂತೆಯೇ.

ಹೀಟ್ ಪಂಪ್ ಮಾತ್ರ ಲೆಕ್ಕವನ್ನೇ ಬದಲಿಸುತ್ತದೆ. ಇದು ಫ್ರಿಜ್ಜಿನ ಕೆಲಸವನ್ನೇ ತಿರುಗಿಸಿ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ನೀರಿಗೆ ಸಾಗಿಸುತ್ತದೆ. ವಿದ್ಯುತ್ತು ಶಾಖವನ್ನು ಉತ್ಪಾದಿಸದೆ ಕೇವಲ ಸಾಗಿಸುವುದರಿಂದ ಒಂದು ಯೂನಿಟ್‌ಗೆ ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಯೂನಿಟ್‌ನಷ್ಟು ಶಾಖ ದೊರೆಯುತ್ತದೆ. ಮೇಲೆ ಹೇಳಿದ 0.93 ಯೂನಿಟ್‌ನ ಸ್ನಾನ ಮೂರನೆಯ ಒಂದು ಭಾಗದಷ್ಟರಲ್ಲಿ ಮುಗಿಯುತ್ತದೆ. ಗಾಳಿ ತಣ್ಣಗಾದಂತೆ ಮತ್ತು ನೀರನ್ನು ಹೆಚ್ಚು ಬಿಸಿ ಮಾಡಿದಂತೆ ಈ ಲಾಭ ಕುಗ್ಗುವುದರಿಂದ, ಥರ್ಮೋಸ್ಟಾಟ್ ಇಳಿಸುವುದರ ಪ್ರಯೋಜನ ಇಲ್ಲಿ ಉಳಿದೆಲ್ಲ ಬಗೆಗಳಿಗಿಂತ ಹೆಚ್ಚು. ಖರೀದಿಯ ಬೆಲೆ ಹೆಚ್ಚು, ಕಂಪ್ರೆಸರ್ ಸದ್ದು ಮಾಡುತ್ತದೆ, ಟ್ಯಾಂಕ್ ಬರಿದಾದರೆ ಮತ್ತೆ ಕಾಯಲು ಗಂಟೆಗಳು ಹಿಡಿಯುತ್ತವೆ, ಗಾಳಿಯಾಡುವ ಜಾಗವೂ ಬೇಕು.

ಶವರ್ ಬದಲಾವಣೆ ನಾಲ್ಕಕ್ಕೂ ಅನ್ವಯಿಸುತ್ತದೆ. ನಿಮಿಷಕ್ಕೆ 10 ಲೀಟರ್ ಸುರಿಯುವ ಶವರ್ ತೆಗೆದು 6 ಲೀಟರಿನದನ್ನು ಹಾಕಿದರೆ ಎಂಟು ನಿಮಿಷದ ಸ್ನಾನ 80 ಲೀಟರಿನಿಂದ 48 ಲೀಟರಿಗೆ ಇಳಿಯುತ್ತದೆ. ಕಾಯಿಸುವ ಖರ್ಚೂ ಅದೇ ಪ್ರಮಾಣದಲ್ಲಿ ಇಳಿಯುವುದರಿಂದ, ಹೊಸ ಗೀಸರಿನ ಯೋಚನೆಗೆ ಮೊದಲು ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಸ್ವಂತ ಮಾಳಿಗೆ ಇದ್ದು ಬಚ್ಚಲು ಅದರ ಹತ್ತಿರದಲ್ಲೇ ಇದ್ದರೆ ಸೋಲಾರನ್ನೂ, ಮಾಳಿಗೆಯ ಹಕ್ಕಿಲ್ಲದ ದೊಡ್ಡ ಸಂಸಾರಕ್ಕೆ ಹೀಟ್ ಪಂಪನ್ನೂ, ಒಬ್ಬಿಬ್ಬರಿಗೆ ಇನ್‌ಸ್ಟಂಟ್ ಗೀಸರನ್ನೂ ಆರಿಸುತ್ತೇನೆ. ಈಗಾಗಲೇ ಸ್ಟೋರೇಜ್ ಗೀಸರ್ ಇರುವವರು ಅದನ್ನು ಕಿತ್ತೆಸೆಯುವ ಅಗತ್ಯವಿಲ್ಲ, ಒಂದು ಟೈಮರ್ ಜೋಡಿಸಿ ಸ್ನಾನಗಳನ್ನು ಒಂದೇ ಹೊತ್ತಿಗೆ ಹೊಂದಿಸಿಕೊಂಡರೆ ಸಾಕು.